ದೋಣಿ ಬಿಟ್ಟವನು

ಸೆಪ್ಟೆಂಬರ್ 9, ಮಂಗಳವಾರ. ಮಧ್ಯಾಹ್ನ 12.40

ಓವರ್‌ಲೇಕ್ ಪಾರ್ಕಿಂಗ್. ಕಾರಿನೊಳಗೇ ಊಟ. ಬಲಗೈಯಲ್ಲಿ ಮೊಸರನ್ನ, ಎಡಗೈಯಲ್ಲಿ ಫೋನ್. ಈ ತಿಂಗಳ ಏಳನೇ ಕಾಲ್. ಸಂಸದರ ಆಫೀಸಿನ ಸಹಾಯಕಿ ಈಗ ನನ್ನ ದನಿ ಗುರುತಿಸುತ್ತಾಳೆ. "ಹಲೋ ವಿದ್ಯಾ" ಎನ್ನುತ್ತಾಳೆ. ಶ್ರೀವಿದ್ಯಾ ಎಂದು ತಿದ್ದುವುದನ್ನು ನಿಲ್ಲಿಸಿದ್ದೇನೆ. ಇಪ್ಪತ್ತೊಂದು ತುಂಬಿದ ಮೇಲೂ ನಮ್ಮಂಥವರ ಮಕ್ಕಳನ್ನು ಇಲ್ಲೇ ಉಳಿಸುವ ಮಸೂದೆಗೆ ಸಂಸದರು ಈ ತಿಂಗಳೊಳಗೆ ಬೆಂಬಲದ ಸಹಿ ಹಾಕುತ್ತಾರಂತೆ. ಬಹುಶಃ.

ಮಗಳು ಜಾಹ್ನವಿಗೆ ಇಪ್ಪತ್ತೊಂದು ತುಂಬಲು ಇನ್ನು ಎಪ್ಪತ್ತೊಂದು ದಿನ. ಮೂರು ವರ್ಷದವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಮೆರಿಕಾಗೆ ಬಂದು ಇಳಿದವರು ನಾವು. ವೀಸಾ, ಸ್ಟಾಂಪು, ಎಲ್ಲ ಸರಿಯಾಗಿ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ಹನ್ನೊಂದು ವರ್ಷ. ಸಾಲು ಕದಲಲಿಲ್ಲ, ಮಗಳು ಬೆಳೆದಳು. ಇಪ್ಪತ್ತೊಂದಾದ ದಿನ ನಮ್ಮ ಅರ್ಜಿಯಿಂದ ಅವಳ ಹೆಸರು ತಾನಾಗಿಯೇ ಬಿದ್ದುಹೋಗುತ್ತದೆ. ಓದು ಮುಗಿಯುವವರೆಗೆ ಸ್ಟೂಡೆಂಟ್ ವೀಸಾ. ಆಮೇಲೆ... ಮೈಸೂರು ಅವಳಿಗೆ ಬೇಸಿಗೆ ರಜೆಯ ಊರು, ಅಷ್ಟೆ.

ವೆಂಕಟೇಶ್‌ಗೆ ಇದೆಲ್ಲ ಫಾರ್ಮ್ ತುಂಬುವ ಕೆಲಸ. "ಎಲ್ಲಾರ ಮಕ್ಳಿಗೂ ಸ್ಟೂಡೆಂಟ್ ವೀಸಾನೇ ಮಾಡಿಸ್ತಿದಾರೆ ಕಣೆ. ನಿಂದೊಂದು ರಾಮಾಯಣ."

ತಂದೆಯಾದವನು ಆಡುವ ಮಾತೇ ಇದು.

ಸೆಪ್ಟೆಂಬರ್ 14, ಭಾನುವಾರ

ಬೆಳಿಗ್ಗೆಯಿಂದ ಅದೇ ವಿಡಿಯೋ. ಕ್ಯಾಲಿಫೋರ್ನಿಯಾದ ಯಾವುದೋ ಬೀಚು. ಮಂಜು. ಒಂದು ಉದ್ದನೆಯ ದೋಣಿ ಅಲೆಯ ಮೇಲೇರಿ ಮಗುಚುತ್ತದೆ. ಸರ್ಫ್ ಮಾಡುತ್ತಿದ್ದವರ ಮಧ್ಯದಿಂದ ಜನ ಎದ್ದುಬಿದ್ದು ಓಡುತ್ತಾರೆ. ಹದಿನಾಲ್ಕು ಜನರಿದ್ದರಂತೆ. ಮೂವರು ಸತ್ತರು. ಹೆಚ್ಚಿನವರು ಇಂಡಿಯನ್ಸ್.

ಕನ್ನಡದವರ ವಾಟ್ಸ್ಯಾಪ್ ಗ್ರೂಪ್ ಹೊತ್ತಿ ಉರಿಯುತ್ತಿದೆ. "ಇವರಿಂದ ನಮ್ಮ ಮರ್ಯಾದೆ ಹೋಗತ್ತೆ." "ನಾವು ಇಲ್ಲಿ ಕ್ಯೂನಲ್ಲಿ ಮುದುಕರಾಗ್ತಿದೀವಿ, ಅವ್ರು ಹಿಂಬಾಗಿಲಿಂದ." ನಾನೂ ಬರೆದೆ: "ಬದುಕಿದವರನ್ನ ಮೊದಲ ಫ್ಲೈಟ್‌ನಲ್ಲೇ ವಾಪಸ್ ಕಳಿಸ್ಬೇಕು." ನಲವತ್ಮೂರು ಜನ ಹೆಬ್ಬೆರಳು ಎತ್ತಿದರು.

ಸತ್ತವರ ಬಗ್ಗೆ ಯಾರೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ.

ಸೆಪ್ಟೆಂಬರ್ 18, ಗುರುವಾರ

ಸಹಾಯಕಿಯೇ ಕಾಲ್ ಮಾಡಿದಳು. ಮಸೂದೆಗೆ ಸಹಿ ಈಗ ಆಗುವುದಿಲ್ಲವಂತೆ. ಆ ವಿಡಿಯೋ ಬಂದ ಮೇಲೆ ಅವರಿಗೆ ದಿನಕ್ಕೆ ನೂರಾರು ಕಾಲ್, ಎಲ್ಲ ಬೈಗುಳ. ಇಮಿಗ್ರೇಷನ್ ಎಂಬ ಪದವಿರುವ ಯಾವ ಕಾಗದವನ್ನೂ ಯಾರೂ ಮುಟ್ಟುತ್ತಿಲ್ಲ.

ನಾವು ದೋಣಿಯಲ್ಲಿ ಬಂದವರಲ್ಲ ಎಂದೆ. ನನ್ನ ಮಗಳು ವಿಮಾನದಲ್ಲಿ ಬಂದಳು, ಪಾಸ್‌ಪೋರ್ಟ್ ಇಟ್ಟುಕೊಂಡು ಬಂದಳು.

"ನಂಗೆ ಗೊತ್ತು ವಿದ್ಯಾ. ಕಾಲ್ ಮಾಡೋರಿಗೆ ಆ ವ್ಯತ್ಯಾಸ ಬೇಕಿಲ್ಲ."

ಸಂಜೆ ಕ್ರಾಸ್‌ರೋಡ್ಸ್‌ನ ಅಂಗಡಿಯಲ್ಲಿ ಹಾಲು, ತರಕಾರಿ. ಬಿಲ್ಲಿಂಗ್ ಸಾಲಿನಲ್ಲಿ ನನ್ನ ಗಾಡಿ ಮುಂದಿನವನ ಕಾಲಿಗೆ ಸ್ವಲ್ಪ ತಾಗಿತು. ಸಾರಿ ಎಂದೆ. ಎಪ್ಪತ್ತರ ಮೇಲಿನ ಮನುಷ್ಯ, ಇಸ್ತ್ರಿ ಮಾಡಿದ ಶರಟು. ನಗುತ್ತಲೇ ಕೇಳಿದ, ಯಾವ ದೋಣಿಯಲ್ಲಿ ಬಂದೆ ಎಂದು.

ಹದಿನೇಳು ವರ್ಷ ಈ ಊರಿನಲ್ಲಿದ್ದೇನೆ. ದುಡ್ಡು ಕೊಟ್ಟು ಹೊರಬಂದೆ. ಕಾರಿನಲ್ಲಿ ಕೂತು ಸ್ಟಿಯರಿಂಗ್ ಹಿಡಿದುಕೊಂಡೇ ಇದ್ದೆ. ಸಿಟ್ಟು ಆ ಮುದುಕನ ಮೇಲಲ್ಲ. ಆ ದೋಣಿಯವರ ಮೇಲೆ. ಹನ್ನೊಂದು ವರ್ಷದ ಕೆಲಸವನ್ನು ಒಂದು ಬೆಳಿಗ್ಗೆ ಮಣ್ಣುಪಾಲು ಮಾಡಿದರು.

ಸೆಪ್ಟೆಂಬರ್ 27, ಶನಿವಾರ. ಸಂಜೆ

ಪಕ್ಕದ ವುಡಿನ್‌ವಿಲ್‌ನಲ್ಲಿ ಸಾರ್ವಜನಿಕ ಸಭೆ. ಯಾರು ಬೇಕಾದರೂ ಮೈಕ್ ಹಿಡಿಯಬಹುದು, ಎರಡೇ ನಿಮಿಷ. ನನಗಿಂತ ಮೊದಲು ಮಾತಾಡಿದ ಆರು ಜನರಲ್ಲಿ ಐವರು ದೋಣಿಯ ಬಗ್ಗೆಯೇ ಮಾತಾಡಿದರು. ಇಲ್ಲಿಂದ ಆ ಬೀಚಿಗೆ ಎರಡು ಹಗಲು ಡ್ರೈವ್ ಮಾಡಬೇಕು. ಇವರ ಮಾತು ಕೇಳಿದರೆ ಅಲೆ ಇವರ ಬಾಗಿಲಿಗೇ ಬಂದು ಬಡಿದಂತೆ.

ನನ್ನ ಸರದಿ. ಕಾಗದದಲ್ಲಿ ಮಸೂದೆಯ ವಿವರ ಬರೆದುಕೊಂಡಿದ್ದೆ. ಓದಲಿಲ್ಲ. ಹೇಳಿದ್ದು ಇಷ್ಟು: ನಾವು ಅವರಂಥವರಲ್ಲ. ನಾವು ಕಾಗದ ಹಿಡಿದು ಬಾಗಿಲು ಬಡಿದು ಬಂದವರು. ಅವರನ್ನು ಶಿಕ್ಷಿಸಿ, ನನ್ನ ಮಗಳನ್ನಲ್ಲ.

ಚಪ್ಪಾಳೆ. ಇಷ್ಟು ವರ್ಷದಲ್ಲಿ ಈ ದೇಶದಲ್ಲಿ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಒಬ್ಬ ಹೆಂಗಸು ಬಂದು ತಬ್ಬಿಕೊಂಡಳು.

ಚೆನ್ನಾಗಿತ್ತು. ಸುಳ್ಳು ಯಾಕೆ ಬರೆಯಲಿ.

ಸೆಪ್ಟೆಂಬರ್ 29, ಸೋಮವಾರ

ನನ್ನ ಎರಡು ನಿಮಿಷವನ್ನು ಯಾರೋ ಒಂಬತ್ತು ಸೆಕೆಂಡಿಗೆ ಕತ್ತರಿಸಿ ಹಾಕಿದ್ದಾರೆ. "ಅವರನ್ನು ಶಿಕ್ಷಿಸಿ" ಎನ್ನುವಲ್ಲಿಗೆ ನಿಲ್ಲುತ್ತದೆ. ಮಗಳ ಮಾತಿಲ್ಲ. ವಲಸೆಯವರೇ ಬೇಡ ಎನ್ನುವ ಯಾವುದೋ ಪೇಜು. ಕೆಳಗಿನ ಕಾಮೆಂಟುಗಳಲ್ಲಿ ಅರ್ಧ ಜನ ನನ್ನನ್ನೂ ವಾಪಸ್ ಹೋಗು ಎಂದಿದ್ದಾರೆ.

ಹಾಸ್ಟೆಲ್‌ನಿಂದ ಜಾಹ್ನವಿಯ ಕಾಲ್. ಎಂದಿನಂತೆ ಇಂಗ್ಲಿಷಿನಲ್ಲಿ. ದೋಣಿಯಲ್ಲಿ ಬದುಕಿದವರಲ್ಲಿ ನಾಲ್ವರನ್ನು ಇಲ್ಲೇ ಟಕೋಮಾ ಕಡೆಯ ಡಿಟೆನ್ಷನ್ ಸೆಂಟರಿಗೆ ತಂದಿದ್ದಾರಂತೆ. ಅವರಲ್ಲೊಬ್ಬ ಕನ್ನಡದವನು. ಇವಳು ಒಂದು ವಾರದಿಂದ ಅವನ ಮಾತನ್ನು ವಕೀಲರಿಗೆ ಅನುವಾದ ಮಾಡಿಕೊಡುತ್ತಿದ್ದಾಳೆ. ನನಗೆ ಹೇಳಿರಲಿಲ್ಲ.

"ಅಮ್ಮ, ಉಂಟು ಅಂದ್ರೆ ಏನು? ಅವ್ನು ಎಲ್ಲದಕ್ಕೂ ಉಂಟು ಉಂಟು ಅಂತಾನೆ."

ಇದೆ ಅಂತ ಅರ್ಥ ಎಂದೆ. ಸುರತ್ಕಲ್‌ನಲ್ಲಿ ನಾಲ್ಕು ವರ್ಷ ಹಾಸ್ಟೆಲ್‌ನಲ್ಲಿದ್ದವಳಿಗೆ ಗೊತ್ತಿರದೇ ಇರುತ್ತದೆಯೇ.

ನೀನು ಬಂದು ಸಹಾಯ ಮಾಡು ಎಂದಳು. ಮಾಡೋದಿಲ್ಲ ಎಂದೆ. ನಿನ್ನ ವಿಡಿಯೋ ನೋಡಿದೆ ಎಂದಳು. ಕಾಲ್ ಕಟ್.

ಅಕ್ಟೋಬರ್ 11, ಶನಿವಾರ

ಹನ್ನೆರಡು ದಿನ ಮಗಳಿಂದ ಒಂದು ಮೆಸೇಜಿಲ್ಲ. ಇವತ್ತು ಮನೆಗೇ ಬಂದಳು. ಷೂ ಬಿಚ್ಚಲಿಲ್ಲ. ಊರಿನ ಒಂದು ಪತ್ರಿಕೆಯ ಚಿತ್ರ ತೋರಿಸಿದಳು. ಕನ್ನಡ ಓದಲು ಬಾರದವಳು, ನನ್ನಿಂದ ಓದಿಸಿದಳು. "ಗೆಳೆಯನನ್ನು ದೋಣಿಯಲ್ಲೇ ಬಿಟ್ಟು ಪಾರಾದ ಸುರೇಶ." ಟಕೋಮಾದ ಆ ಕನ್ನಡದವನು ಕೋರ್ಟಿಗೆ ಕೊಟ್ಟ ಹೇಳಿಕೆಯಿಂದ ತೆಗೆದದ್ದು. ಆ ಹೇಳಿಕೆಯ ಇಂಗ್ಲಿಷು ಇವಳದು.

"ಅವನು ಇದನ್ನ ನೋಡಿ ಅಳ್ತಿದಾನೆ ಅಂತೆ. ನಾನು ಹಂಗೆ ಹೇಳೇ ಇಲ್ಲ ಅಂತಾನೆ. ರೆಕಾರ್ಡಿಂಗ್‌ನಲ್ಲಿ ಅವನು ಹೇಳಿದ್ದು ಅದೇ, ಅಮ್ಮ. ನೀನು ಕೇಳು."

ವಕೀಲೆ ಮೇಘನಾ—ಇಲ್ಲೇ ಹುಟ್ಟಿದವಳು, ಕನ್ನಡ ಬಾರದು—ಕಳಿಸಿದ ಗೋಪ್ಯತೆಯ ಪತ್ರಕ್ಕೆ ಸಹಿ ಮಾಡಿದೆ. ಕೇಳಿದೆ. ದಣಿದ ದನಿ. "ಮತ್ತೆ ನಾನೇ ದೋಣಿ ಬಿಟ್ಟೆ."

ಜಾಹ್ನವಿ ಬರೆದದ್ದು: ನಾನು ದೋಣಿಯನ್ನು ತೊರೆದೆ.

ಸುರತ್ಕಲ್‌ನಲ್ಲಿ ಬಸ್ಸು ನಡೆಸುವವನು ಬಸ್ಸು ಬಿಡುತ್ತಾನೆ. ಸ್ಕೂಟರ್ ಬಿಡಲಿಕ್ಕೆ ಬರ್ತದಾ ಎಂದು ನನ್ನನ್ನೇ ಕೇಳುತ್ತಿದ್ದರು. ಅವನು ದೋಣಿಯನ್ನು ತೊರೆಯಲಿಲ್ಲ. ಅದನ್ನು ನಡೆಸಿದ.

ಹೇಳಿದೆ. ಜಾಹ್ನವಿ ರೆಕಾರ್ಡಿಂಗನ್ನು ಮತ್ತೆ ಮೊದಲಿಂದ ಹಾಕಿದಳು.

ಅಕ್ಟೋಬರ್ 16, ಗುರುವಾರ. ಬೆಳಿಗ್ಗೆ 11

ವಿಡಿಯೋ ಕಾಲ್‌ನಲ್ಲಿ ಸುರೇಶ. ಮೂವತ್ತನಾಲ್ಕು ವರ್ಷವಂತೆ, ಐವತ್ತರವನಂತೆ ಕಾಣುತ್ತಾನೆ. ಹೆಜಮಾಡಿಯವನು. ಹೋಟೆಲ್ ಅಡುಗೆಯವನು. ಮೆಕ್ಸಿಕೋದ ಒಂದು ಇಂಡಿಯನ್ ರೆಸ್ಟೋರೆಂಟಿನಲ್ಲಿ ಮೂರು ವರ್ಷ ದೋಸೆ ಹುಯ್ದ. ಮಾಲೀಕ ಒಂದು ದಿನ ಬಾಗಿಲು ಹಾಕಿ ಹೋದ, ಇವರ ಪಾಸ್‌ಪೋರ್ಟುಗಳ ಸಮೇತ. ಜೊತೆಗಿದ್ದ ಹುಡುಗ ವಿನಯ, ಕಾರ್ಕಳದವನು. ಸತ್ತ ಮೂವರಲ್ಲಿ ಒಬ್ಬ.

"ದೋಣಿ ಬಿಟ್ಟೆ ಅಂದ್ರೆ, ನಡೆಸಿದ್ದಾ?"

"ನಡೆಸಿದ್ದು ಅಕ್ಕ. ಬಿಟ್ಟು ಹೋಗುದು ಎಲ್ಲಿಗೆ? ಇಂಜಿನ್ ಹತ್ರ ಇದ್ದವ ದಡ ಕಾಣುವಾಗ ಇನ್ನೊಂದು ಬೋಟಿಗೆ ಹಾರಿ ಹೋದ. ದೋಣಿ ಅಡ್ಡ ತಿರುಗ್ಲಿಕ್ಕೆ ಶುರುವಾಯ್ತು. ಅಡ್ಡ ನಿಂತ್ರೆ ಒಂದೇ ತೆರೆ ಸಾಕು. ನಮ್ಮ ಅಪ್ಪ ಮೀನಿಗೆ ಹೋಗ್ತಿದ್ದವರು, ನಂಗೆ ಸ್ವಲ್ಪ ಗೊತ್ತುಂಟು. ಮತ್ತೆ ನಾನೇ ಬಿಟ್ಟೆ. ಕಡೇ ತೆರೆಯಲ್ಲಿ ಹಿಡಿತ ಸಿಗ್ಲಿಲ್ಲ."

"ವಿನಯ?"

"ಅವ್ನಿಗೆ ಈಜ್ಲಿಕ್ಕೆ ಬರ್ತಿರ್ಲಿಲ್ಲ. ಎರಡು ಸಲ ಸಿಕ್ಕಿದ. ಮೂರನೇ ಸಲ ಅಂಗಿ ಮಾತ್ರ ಸಿಕ್ಕಿದ್ದು."

ಹದಿನಾಲ್ಕರಲ್ಲಿ ಹನ್ನೊಂದು ಜನ ದಡ ಸೇರಿದ್ದು ಇವನಿಂದ.

ಮೇಘನಾ ಅವನಿಗೆ ಹೇಳಬೇಕಾದ್ದನ್ನು ನನ್ನ ಮೂಲಕ ಹೇಳಿದಳು. ಈಗಿರುವ ಹೇಳಿಕೆ ತಪ್ಪು, ಆದರೆ ಕಾನೂನಿನಲ್ಲಿ ನಿನಗೆ ತೊಂದರೆ ಇಲ್ಲ. ನಡೆಸಿದೆ ಎಂದು ತಿದ್ದಿದರೆ ನಿನ್ನನ್ನು ಜನರನ್ನು ಕದ್ದು ಸಾಗಿಸುವವರ ಕಡೆಯವನು ಎನ್ನಬಹುದು. ಮೂರು ಸಾವು. ವರ್ಷಗಟ್ಟಲೆ ಜೈಲು. ಸುಳ್ಳನ್ನು ನಾನು ಇಟ್ಟುಕೊಳ್ಳಲಾರೆ, ಆ ಹೇಳಿಕೆಯನ್ನು ವಾಪಸ್ ಪಡೆದು ಸುಮ್ಮನಿರಬಹುದು. ನನ್ನ ಸಲಹೆ ಅದೇ.

ನಾನು ಎರಡು ಸಲ ಹೇಳಿದೆ. ಒಂದೊಂದೇ ಮಾತು ಬಿಡಿಸಿ ಹೇಳಿದೆ. ಮೂರನೇ ಸಲವೂ ಹೇಳುತ್ತಿದ್ದೆ, ಅವನೇ ತಡೆದ.

"ಅರ್ಥ ಆಯ್ತು ಅಕ್ಕ. ಊರಲ್ಲಿ ವಿನಯನ ಅಮ್ಮ ಆ ಪೇಪರ್ ಓದಿದ್ದಾರೆ. ನಾನು ಬಿಟ್ಟು ಓಡಿದೆ ಅಂತ ತಿಳ್ಕೊಂಡಿದ್ದಾರೆ. ಸುಮ್ಮನಿದ್ರೆ ಅದೇ ಉಳೀತದೆ. ನಡೆದದ್ದು ನಡೆದ ಹಾಗೆ ಬರೀರಿ."

ಮೂರು ವಾರದ ಹಿಂದಾಗಿದ್ದರೆ ಕುಣಿದುಕೊಂಡು ಬರೆಯುತ್ತಿದ್ದೆ.

ಅಕ್ಟೋಬರ್ 19, ಭಾನುವಾರ

ಅಡುಗೆಮನೆಯಲ್ಲಿ ಜಗಳ. ವೆಂಕಟೇಶ್‌ಗೆ ಒಂದೇ ಚಿಂತೆ. "ನಮ್ದೇ ಅರ್ಜಿ ಪೆಂಡಿಂಗ್ ಇದೆ. ಆ ಪೇಪರ್ ಮೇಲೆ ನಿನ್ ಹೆಸರು ಯಾಕೆ?"

ಅನುವಾದ ಪೂರ್ತಿ ಮತ್ತು ಸರಿ ಎಂದು ಯಾರಾದರೂ ಸಹಿ ಹಾಕಬೇಕು. ಕನ್ನಡ ಬಲ್ಲವರು ಬೇರೆ ಯಾರೂ ಮುಂದೆ ಬರಲಿಲ್ಲ. ಗ್ರೂಪಿನಲ್ಲಿ ಕೇಳಿದ್ದೆ. ಅವತ್ತಿನ ನಲವತ್ಮೂರು ಹೆಬ್ಬೆರಳುಗಳಲ್ಲಿ ಒಂದೂ ಏಳಲಿಲ್ಲ.

ಜಾಹ್ನವಿ ಸಹಿ ಮಾಡಬೇಡ ಎಂದು ಅತ್ತಳು. ನಾನು ಪೆನ್ನು ಎತ್ತಿದಾಗ ಅಳು ನಿಲ್ಲಿಸಿ ಹೇಳಿದಳು, ಈ ಬಾರಿ ಕನ್ನಡದಲ್ಲೇ: "ಅವರನ್ನ ಶಿಕ್ಷಿಸಿ ಅಂದಿದ್ದೆ ಅಲ್ವಾ. ಈಗ ನೀನೇ ಮಾಡು."

"ನಿನ್ ಕನ್ನಡ ಸರಿಯಾಗಿದ್ದಿದ್ರೆ ಅವ್ನಿಗೆ ಈ ಗತಿ ಬರ್ತಿರ್ಲಿಲ್ಲ" ಎಂದುಬಿಟ್ಟೆ.

ಹೊರಟುಹೋದಳು. ಆ ಮಾತು ಆಡಬಾರದಿತ್ತು. ಅವಳಿಗೆ ಕನ್ನಡ ಕಲಿಸದವಳು ನಾನೇ. ಇಲ್ಲಿಯವರ ಹಾಗೆ ಇಂಗ್ಲಿಷ್ ಬಂದರೆ ಇಲ್ಲಿಯವಳು ಎನ್ನುತ್ತಾರೆ ಎಂದುಕೊಂಡಿದ್ದೆ.

ಸಹಿ ಮಾಡಿದೆ.

ನವೆಂಬರ್ 6, ಗುರುವಾರ

ಸುರೇಶನನ್ನು ಸೋಮವಾರ ಕರೆದೊಯ್ದರು. ಕ್ಯಾಲಿಫೋರ್ನಿಯಾಕ್ಕೆ ಎಂದಷ್ಟೇ ಹೇಳಿದ್ದಾರೆ. ಆರೋಪ: ದೋಣಿ ನಡೆಸಿದ್ದು, ಮೂವರ ಸಾವು. ಸುದ್ದಿಯಲ್ಲಿ ಅವನ ಫೋಟೋ, "ದೋಣಿಯ ಚಾಲಕ ಭಾರತೀಯ." ಬದುಕಿದ ಹನ್ನೊಂದು ಜನರ ಮಾತು ಕೊನೆಯ ಸಾಲಿನಲ್ಲಿ. ಅಷ್ಟು ಕೆಳಗೆ ಯಾರು ಓದುತ್ತಾರೆ.

ಆ ಪೇಜಿನವರು ಅವನ ಫೋಟೋ ಪಕ್ಕಕ್ಕೆ ಮತ್ತೆ ನನ್ನ ಒಂಬತ್ತು ಸೆಕೆಂಡು ಜೋಡಿಸಿದ್ದಾರೆ. ಅವನು ತಲೆ ತಗ್ಗಿಸಿದ್ದಾನೆ, ನಾನು ಬೆರಳು ಎತ್ತಿದ್ದೇನೆ. ತೆಗೆಯಿರಿ ಎಂದು ಮೂರು ಸಲ ಬರೆದೆ. ಉತ್ತರವಿಲ್ಲ.

ಗ್ರೂಪಿನಲ್ಲಿ "ಸದ್ಯ, ಸಿಕ್ಕಿಬಿದ್ದ." ನಡೆದದ್ದನ್ನೆಲ್ಲ ಬರೆದೆ. ಕೇಸಿನಲ್ಲಿ ಬಹಿರಂಗವಾಗಿರುವಷ್ಟೇ. ಎರಡು ಗಂಟೆ ಬಿಟ್ಟು ಒಬ್ಬರು: "ಮೊದಲ ಫ್ಲೈಟ್‌ನಲ್ಲೇ ಕಳಿಸಿ ಅಂದೋರು ನೀವೇ ಅಲ್ವಾ ಮೇಡಂ." ಮತ್ತೊಬ್ಬರು ದೀಪಾವಳಿ ಪಾಟ್‌ಲಕ್ ಊಟದ ಫೋಟೋ ಹಾಕಿದರು.

ಗ್ರೂಪಿನಿಂದ ಹೊರಬಂದೆ. ಸಿಟ್ಟು ಹೊರಬರಲಿಲ್ಲ. ಈಗ ಅದಕ್ಕೆ ತಿರುಗಲು ಬೇರೆ ದಿಕ್ಕೂ ಉಳಿದಿಲ್ಲ, ನನ್ನ ಕಡೆಗೇ ತಿರುಗಿದೆ.

ನವೆಂಬರ್ 19, ಬುಧವಾರ

ಇಪ್ಪತ್ತೊಂದು. ಅರ್ಜಿಯಲ್ಲಿ ಈಗ ಇಬ್ಬರದೇ ಹೆಸರು. ಸ್ಟೂಡೆಂಟ್ ವೀಸಾದ ಕಾಗದ ವೆಂಕಟೇಶ್ ಆಗಲೇ ಕಳಿಸಿದ್ದಾರೆ. ಅವರೇ ಕೇಕ್ ತಂದರು. ಇಷ್ಟು ದಿನ ಫಾರ್ಮ್ ಫಾರ್ಮ್ ಎಂದಿದ್ದ ಮನುಷ್ಯ ಬಾತ್‌ರೂಮಿಗೆ ಹೋಗಿ ಹತ್ತು ನಿಮಿಷ ನಲ್ಲಿ ತಿರುಗಿಸಿಟ್ಟರು.

ಜಾಹ್ನವಿ ಬಂದಿದ್ದಳು. ಒಂದು ತುಂಡು ತಿಂದಳು. ಹೋಗುವಾಗ ಒಂದು ಚೀಟಿ ಕೊಟ್ಟಳು. ವಿನಯನ ಅಮ್ಮನ ನಂಬರ್. ಕರೆದೊಯ್ಯುವ ಮೊದಲು ಸುರೇಶ ಮೇಘನಾಗೆ ಕೊಟ್ಟನಂತೆ, ಅಕ್ಕ ಮಾತಾಡಲಿ ಎಂದು.

"ನನ್ನ ಕನ್ನಡ ಸಾಲಲ್ಲ ಅಮ್ಮ" ಎಂದಳು. ಚುಚ್ಚಿ ಹೇಳಿದ್ದಲ್ಲ.

ನವೆಂಬರ್ 22, ಶನಿವಾರ. ಸಂಜೆ 7

ಅಲ್ಲಿ ಭಾನುವಾರ ಬೆಳಿಗ್ಗೆ. ವಿನಯನ ಅಮ್ಮ ಮೂರನೇ ಸಲಕ್ಕೆ ಫೋನ್ ಎತ್ತಿದರು. ಅಮೆರಿಕಾದಿಂದ ಎಂದಾಗ ಇಟ್ಟುಬಿಡುತ್ತಾರೆ ಎಂದುಕೊಂಡೆ. ಇಡಲಿಲ್ಲ. ಪೂರ್ತಿ ಹೇಳಿದೆ. ಇಂಜಿನ್, ತೆರೆ, ಎರಡು ಸಲ ಸಿಕ್ಕಿದ್ದು, ಅಂಗಿ. ಪತ್ರಿಕೆಯಲ್ಲಿ ಬಂದದ್ದು ತಪ್ಪು ಎಂದೂ, ಆ ತಪ್ಪು ನಮ್ಮ ಮನೆಯದೆಂದೂ.

ಹಿಂದೆ ಎಲ್ಲೋ ಕುಕ್ಕರ್ ಕೂಗಿತು.

"ಸುರೇಶ ಒಳ್ಳೆಯವ. ನಾನು ಅವನ ಅಮ್ಮನ ಹತ್ರ ಎಂತೆಂತದೋ ಹೇಳಿಬಿಟ್ಟಿದ್ದೇನೆ. ಇವತ್ತೇ ಹೆಜಮಾಡಿಗೆ ಹೋಗಿ ಬರ್ತೇನೆ."

ಆಮೇಲೆ ಕೇಳಿದರು. "ದೋಣಿ ಹತ್ತುವ ಮೊದಲು ನಮ್ಮ ವಿನಯ ಎಂತಾದ್ರೂ ತಿಂದಿದ್ನಾ?"

ಅದನ್ನು ನಾನು ಕೇಳಿರಲಿಲ್ಲ. ಸುರೇಶನ ಹತ್ತಿರ ಕೇಳಿ ಹೇಳುತ್ತೇನೆ ಎಂದೆ. ಮೇಘನಾಗೆ ಕಾಲ್ ಮಾಡಿದೆ. ಕ್ಯಾಲಿಫೋರ್ನಿಯಾದ ಯಾವ ಜೈಲಿನಲ್ಲಿದ್ದಾನೆ ಎಂದು ಅವಳಿಗೂ ಇನ್ನೂ ಗೊತ್ತಾಗಿಲ್ಲ.