ಮನೆಗೆ ಮರಳಿದ ಪಾರಿವಾಳಗಳು

ಕೃಷ್ಣಮೂರ್ತಿಪುರಂ, ಮೈಸೂರು
೧೪ ಜುಲೈ ೨೦೨೫, ಸೋಮವಾರ

ಡೆನ್ನಿಸನ ಅಪ್ಪನಿಗೆ,

ಎಂದಿನಂತೆ ಯೇಸುವಿಗೆ ಸ್ತೋತ್ರ ಹೇಳಿ ಶುರು ಮಾಡುವ ಮನಸ್ಸಿಲ್ಲ. ದೇವರು ನಿಮ್ಮನ್ನು ಕ್ಷಮಿಸಲಿ, ಸದ್ಯಕ್ಕೆ ನನ್ನಿಂದ ಆಗುವುದಿಲ್ಲ. ಒಂದೇ ಊರಿನಲ್ಲಿದ್ದುಕೊಂಡು ಕಾಗದ ಯಾಕೆ ಎಂದು ನಗಬೇಡಿ. ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ನನಗೆ ಕೆಮ್ಮು ಬರುತ್ತದೆ, ಆ ಸಂದಿಯಲ್ಲಿ ನೀವು ನಿಮ್ಮ ಮಾತು ತೂರಿಸುತ್ತೀರಿ. ಕಾಗದಕ್ಕೆ ಕೆಮ್ಮಿಲ್ಲ. ಇವತ್ತು ಪೂರ್ತಿ ನನ್ನ ಸರದಿ.

ನಿನ್ನೆ ತಂಗಿ ರೋಸ್‌ಮೇರಿ ಚರ್ಚಿನ ಪೂಜೆಗೆ ಹೋಗಿದ್ದಾಗ ಶ್ರೀರಂಗಪಟ್ಟಣದ ದೇವಯ್ಯ ಇಲ್ಲಿಗೆ ಬಂದಿದ್ದ. ನಿಮ್ಮ ಪಾರಿವಾಳ ಪಂದ್ಯದ ಜೊತೆಗಾರ ದೇವಯ್ಯನೇ. ಹಕ್ಕಿ ಸಾಗಿಸಿದ ನಿಮ್ಮ ಬೋನು ವಾಪಸು ಕೊಡಲು ಲಷ್ಕರ್ ಮೊಹಲ್ಲಾದ ನಮ್ಮ ಮನೆಗೆ ಹೋದನಂತೆ, ನಾನು ಹುಷಾರಿಲ್ಲದೆ ತಂಗಿಯ ಮನೆ ಸೇರಿದ್ದೇನೆಂದು ಡೆನ್ನಿಸ್ ಹೇಳಿದನಂತೆ. ಪಾಪ, ನೋಡಿಕೊಂಡು ಹೋಗಲು ಬಂದವನು. ಅಷ್ಟು ಹಕ್ಕಿಗಳನ್ನು ತೆಗೆದುಕೊಂಡು ಹೋಗಿ ಒಂದನ್ನೂ ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂದು ನಾನು ತಮಾಷೆಗೆ ಛೇಡಿಸಿದೆ. ಅವನ ಮುಖ ಸಣ್ಣದಾಯಿತು.

"ನಂದೇನೂ ತಪ್ಪಿಲ್ಲ ಕಣಕ್ಕ. ಮಾರನೇ ದಿನಾನೇ ಬಾಗ್ಲು ತೆಗೆದ್ಬುಡು ಅಂದ್ರು ಇನ್ನಾಸಣ್ಣ. ಮರಿ ಮಾಡೋಗಂಟ ಮುಚ್ಚಿಡ್ಬೇಕಲ್ವಾ ಅಂದೆ. ನಕ್ಬುಟ್ರು."

ಅವನ ಇನ್ನಾಸಣ್ಣ ನೀವು, ನಕ್ಕಿರಂತೆ. ನಾನು ಆಸ್ಪತ್ರೆಯ ಮೆಟ್ಟಿಲು ಹತ್ತಲಾಗದೆ ಗೋಡೆ ಹಿಡಿದು ನಿಂತಿದ್ದ ದಿನಗಳಲ್ಲಿ ನೀವು ಶ್ರೀರಂಗಪಟ್ಟಣದಲ್ಲಿ ನಗುತ್ತಿದ್ದಿರಿ.

ಮೂವತ್ತು ವರ್ಷ ಪಾರಿವಾಳ ಸಾಕಿದವರ ಹೆಂಡತಿ ನಾನು, ನನಗೂ ಇಷ್ಟು ಗೊತ್ತು. ಪಂದ್ಯದ ಹಕ್ಕಿಯನ್ನು ಬೇರೆಯವರಿಗೆ ಕೊಟ್ಟರೆ ಅಲ್ಲಿ ಜೋಡಿಯಾಗಿ ಮೊಟ್ಟೆಯಿಟ್ಟು ಮರಿ ಮಾಡುವ ತನಕ ಗೂಡಿನಿಂದ ಹೊರಗೆ ಬಿಡಬಾರದು. ಬಿಟ್ಟರೆ ಹಳೇ ಮನೆಗೇ ಹಾರಿ ಬರುತ್ತದೆ. ಈಸ್ಟರ್ ಆದಮೇಲೆ ನನ್ನ ಮುಂದೆ ಬೈಬಲ್ ಮುಟ್ಟಿ ಹಕ್ಕಿ ಕೊಟ್ಟುಬಿಡುತ್ತೇನೆ ಎಂದವರು ನೀವು. ಕೊಟ್ಟಿರಿ ಕೂಡ. ಮಾತು ಉಳಿಯಿತು, ಹಕ್ಕಿಯೂ ಉಳಿಯಿತು. ಅವು ತಾರಸಿಗೆ ಬಂದಿಳಿದಾಗ ಕಣ್ಣಲ್ಲಿ ನೀರು ತಂದುಕೊಂಡು, ನೋಡೇ ಮೇರಿ, ನಾನು ಕಳಿಸಿದರೂ ದೇವರು ವಾಪಸು ಕಳಿಸಿದ, ಎಷ್ಟಾದರೂ ಪವಿತ್ರಾತ್ಮರ ಪಕ್ಷಿ ಎಂದಿರಿ. ನನ್ನ ಕಿವಿಗೆ ಹೂ ಇಟ್ಟದ್ದು ಸಾಲದೆ ಪವಿತ್ರಾತ್ಮರನ್ನೂ ಸಾಕ್ಷಿಗೆ ಕರೆದಿರಿ! ನಾನು ನಂಬಿದೆ. ಪಾಪದ ಹಕ್ಕಿಗಳು ಎಂದು ಕಾಳು ಕೂಡ ಹಾಕಿದೆ.

ಡಾಕ್ಟರ್ ಗಾರ್ಗಿ ಹೇಳಿದ್ದನ್ನು ಇನ್ನೊಂದು ಸಲ ಬರೆಯುತ್ತೇನೆ, ಅವತ್ತು ನೀವು ಅವರ ಮುಂದೆ ಮೊಬೈಲ್ ನೋಡುತ್ತಾ ಕೂತಿದ್ದಿರಿ. ನನಗೆ ಟಿ.ಬಿ. ಅಲ್ಲ, ಆಸ್ತಮಾನೂ ಅಲ್ಲ. ಪಾರಿವಾಳದ ರೆಕ್ಕೆಯ ಪುಡಿ, ಹಿಕ್ಕೆಯ ಧೂಳು ಉಸಿರಿನ ಜೊತೆ ಒಳಗೆ ಹೋಗುತ್ತದೆ. ನಮ್ಮನ್ನು ಕಾಯಲೆಂದೇ ಮೈಯೊಳಗೆ ಒಂದು ಶಕ್ತಿ ಇದೆಯಲ್ಲ, ಅದು ಆ ಧೂಳನ್ನು ಶತ್ರು ಎಂದುಕೊಂಡು ಕಾದಾಡುತ್ತದೆ. ಕಾದಾಟ ನಡೆಯುವುದು ನನ್ನ ಶ್ವಾಸಕೋಶದಲ್ಲಿ. ಅಲ್ಲಿ ಉರಿಯೂತವಾಗುತ್ತದೆ, ಊದಿಕೊಳ್ಳುತ್ತದೆ. ಧೂಳು ನಿಂತರೆ ಅದೂ ತಣ್ಣಗಾಗುತ್ತದೆ. ದಿನಾ ಹೋಗುತ್ತಿದ್ದರೆ ಉರಿದ ಜಾಗವೆಲ್ಲ ಕಲೆಗಟ್ಟಿ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ. ಸ್ಕ್ಯಾನ್‌ನಲ್ಲಿ ಕೆಳಭಾಗ ಆಗಲೇ ಒಣಗಿದ ಹೀರೆಕಾಯಿ ನಾರಿನಂತೆ ಕಾಣುತ್ತದೆ. ಹಕ್ಕಿಗಳು ವಾಪಸು ಬಂದಮೇಲೆ ಹೋದ ಉಸಿರು ಅದು, ನನಗೆ ಇನ್ನು ಸಿಗುವುದಿಲ್ಲ. ಸ್ಟೀರಾಯ್ಡ್ ಮಾತ್ರೆಗೆ ಮುಖ ಬನ್ನಿನಂತೆ ಊದಿದೆ. ಹಕ್ಕಿ ಮನೆಯಲ್ಲಿರುವ ತನಕ ಮಾತ್ರೆ ನುಂಗುವುದು ಒಲೆ ಆರಿಸದೆ ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಎಂದರು ಆಕೆ.

ಇಷ್ಟು ವರ್ಷ ನೀವು ಹೇಳಿದ್ದೇನು? ನಿನ್ನ ಒಗ್ಗರಣೆ ಘಾಟು ಎಂದಿರಿ. ಒಣಮೆಣಸಿನಕಾಯಿ ಬಿಟ್ಟೆ. ಮಾತೆಯ ಮುಂದೆ ಹಚ್ಚುವ ಊದುಬತ್ತಿ ಎಂದಿರಿ, ಅದನ್ನೂ ಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೊನೆಗೆ ಡಾಕ್ಟರಿಗೇ ಸವಾಲು ಹಾಕಿದಿರಿ: ದಿನಾ ಗೂಡೊಳಗೆ ನುಗ್ಗಿ ಹಿಕ್ಕೆ ಬಳಿಯುವವನು ನಾನು, ನನಗೇನೂ ಆಗಿಲ್ಲವಲ್ಲ ಎಂದು. ಎಲ್ಲರ ಮೈಯೂ ಹಾಗೆ ಕೆರಳುವುದಿಲ್ಲ, ಕೆಲವರದು ತಡವಾಗಿ ಕೆರಳಬಹುದು ಎಂದು ಅವರು ಹೇಳಿದ್ದು ನಿಮಗೆ ಕೇಳಲೇ ಇಲ್ಲ.

ಮೊನ್ನೆ ಫೋನಿನಲ್ಲಿ ಕೇಳಿದಿರಲ್ಲ, ಬಾಯಿಲ್ಲದ ಹಕ್ಕಿಗಳೇ ಅಷ್ಟು ದೂರದಿಂದ ಮನೆ ಹುಡುಕಿಕೊಂಡು ಬಂದವು, ನಿನಗೆ ಬರಲು ಏನು ಕಷ್ಟ ಎಂದು. ಕಷ್ಟ ಇಷ್ಟೇ. ಆ ಮನೆ ಅವುಗಳ ಎದೆ ಸುಡುವುದಿಲ್ಲ. ನನ್ನದು ಸುಡುತ್ತದೆ.

ನಾನು ನಿಮ್ಮ ಮೇಲೆ ಎಷ್ಟು ಸಿಟ್ಟಾಗಿದ್ದೇನೆಂದರೆ, ಪಾಪನಿವೇದನೆಗೆ ಹೋದರೆ ಫಾದರ್ ಮುಂದೆ ಇದೊಂದನ್ನು ಹೇಳಲಾರೆ. ಹೇಳಿದರೆ ಸಿಟ್ಟು ಬಿಡಬೇಕಾಗುತ್ತದೆ. ಹಕ್ಕಿಗಳನ್ನು ಈ ಸಲ ನಿಜವಾಗಿ ಕೊಡಿ. ಮರಿ ಮಾಡುವ ತನಕ ಮುಚ್ಚಿಡಲು ದೇವಯ್ಯ ಒಪ್ಪಿದ್ದಾನೆ, ನಾನೇ ಮಾತು ತೆಗೆದುಕೊಂಡಿದ್ದೇನೆ. ಗೂಡು ಕೀಳಿಸಿ. ತಾರಸಿ ತೊಳೆಸಿ, ಸುಣ್ಣ ಹೊಡೆಸಿ. ಧೂಳು ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತಿರುತ್ತದಂತೆ, ಅದಕ್ಕೇ ನೀವು ಕೈ ಹಾಕಬೇಡಿ, ಮುಖ ಮುಚ್ಚಿಕೊಂಡು ಮಾಡುವ ಆಳುಗಳನ್ನು ಕರೆಸಿ. ಅದೆಲ್ಲ ಆಗುವ ತನಕ ನಾನು ಆ ಹೊಸ್ತಿಲು ತುಳಿಯುವುದಿಲ್ಲ.

ಇನ್ನೂ ನಿಮ್ಮ ಹೆಂಡತಿಯೇ ಆಗಿರುವ,
ಸೆಲ್ವಮೇರಿ

ಮರೆತಿದ್ದು: ನೀವೇ ಕೈ ಹಾಕಬೇಡಿ ಎಂದೆನಲ್ಲ, ಯಾಕೆ ಎಂದು ಪೂರ್ತಿ ಬರೆಯಲಿಲ್ಲ. ಲೆಂಟ್ ಉಪವಾಸದ ದಿನಗಳಿಂದಲೂ ನೀವು ತಾರಸಿ ಮೆಟ್ಟಿಲಿನ ಅರ್ಧದಲ್ಲಿ ನಿಂತು ಚರ್ಚಿನ ಗೋಪುರ ನೋಡುವವರಂತೆ ನಟಿಸುತ್ತೀರಂತೆ, ಬಾಯಲ್ಲಿ ಸದಾ ಲವಂಗವಂತೆ, ಟವೆಲಿನೊಳಗೆ ಕೆಮ್ಮುತ್ತೀರಂತೆ. ಡೆನ್ನಿಸ್ ಎಲ್ಲ ಹೇಳಿದ್ದಾನೆ. ಗುರುವಾರ ಬೆಳಿಗ್ಗೆ ಡಾಕ್ಟರ್ ಗಾರ್ಗಿ ಹತ್ತಿರ ಟೋಕನ್ ತೆಗೆಸಿದ್ದೇನೆ, ನಿಮ್ಮ ಹೆಸರಿನಲ್ಲಿ. ತಲೆಗೆ ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು ಬನ್ನಿ, ನಾನು ಆಸ್ಪತ್ರೆ ಗೇಟಿನ ಹತ್ತಿರ ಇರುತ್ತೇನೆ. ಬೈಯುವುದು ಇನ್ನೂ ಬಹಳ ಬಾಕಿ ಇದೆ. ಅದಕ್ಕೆ ನನಗೆ ಉಸಿರು ಬೇಕು, ನೀವೂ ಬೇಕು.