ಸೊಂಟ ಬಿಡದ ಎಡಗೈ

ಆಗಸ್ಟ್ 6

ಇವತ್ತೂ ಸಿದ್ದಾಪುರದಿಂದ ನಿಂತೇ ಬಂದೆ. ಕಾಲೇಜು ಶುರುವಾಗಿ ಹದಿನೇಳು ದಿನ, ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ಎರಡು ಸಲ.

ಎನ್‌ಸಿಸಿ ಸೆಲೆಕ್ಷನ್. ಹುಡುಗಿಯರು ನಲವತ್ಮೂರು, ಜಾಗ ಹದಿನಾಲ್ಕು. ಎತ್ತರ ಪಾಸ್. ಓಟದಲ್ಲಿ ಮೂರನೆಯವಳು. ಎಸ್ಟೇಟಿನ ಏರಿನಲ್ಲಿ ದಿನಾ ಬಸ್ಸಿಗೆ ಓಡುವವಳಿಗೆ ಮೈದಾನ ಏನು ಮಹಾ!

ಎನ್‌ಸಿಸಿ ನೋಡಿಕೊಳ್ಳುವ ಪೊನ್ನಮ್ಮ ಮೇಡಂ ಕೇಳಿದರು, “ಯಾಕಮ್ಮ ಸೇರ್ತೀಯ?” ನನಗಿಂತ ಮೊದಲಿನವರೆಲ್ಲ ದೇಶಸೇವೆ ಅಂದಿದ್ದರು.

“ಆರ್ಮೀಲಿ ಆಫೀಸರ್ ಆಗೋಕೆ ಮೇಡಂ. ಸಿ ಸರ್ಟಿಫಿಕೇಟ್ ಇದ್ರೆ ರಿಟನ್ ಟೆಸ್ಟ್ ಇಲ್ವಂತೆ, ನೇರ ಇಂಟರ್‌ವ್ಯೂ. ಮಾತು ನಂಗೆ ಬರುತ್ತೆ.”

“ದೇಶ ಎಲ್ಲಿ ಹೋಯ್ತು?”

“ಕೆಲಸದ ಜತೇಲೇ ಬರುತ್ತೆ ಮೇಡಂ.” ನಕ್ಕರು. ಗೆದ್ದೆ ಅಂದುಕೊಂಡೆ.

ಆಮೇಲೆ ಮಾರ್ಚ್. ಡ್ರಿಲ್ ಕಲಿಸುವ ಹವಾಲ್ದಾರ್ ಸಾಹೇಬರು ನನ್ನೊಬ್ಬಳನ್ನೇ ನಿಲ್ಲಿಸಿದರು. ಬಲಗೈ ಚೆನ್ನಾಗಿ ಬೀಸುತ್ತದಂತೆ, ಎಡಗೈ ಸೊಂಟ ಬಿಟ್ಟು ಕದಲುವುದಿಲ್ಲವಂತೆ. ಮೂರು ಸಲ ನಡೆಸಿದರು. ಮೂರು ಸಲವೂ ಎಲ್ಲರೂ ನಕ್ಕರು.

ಹದಿಮೂರು ಹೆಸರು ಓದಿದರು. ನನ್ನದಿಲ್ಲ. ಮೇಡಂ ಹತ್ತಿರ ಕರೆದು, “ಒಂದು ಜಾಗ ಇಟ್ಟಿದ್ದೀನಿ. ಹದಿನಾಲ್ಕನೇ ತಾರೀಕಿಗೆ ಕೈ ಸರಿ ಮಾಡ್ಕೊಂಡು ಬಾ. ಇಲ್ಲಾಂದ್ರೆ ಬೇರೆಯವರಿಗೆ” ಅಂದರು.

ಆಗಸ್ಟ್ 7

ಅಮ್ಮನಿಗೆ ನಡೆದು ತೋರಿಸಿದೆ. ನೋಡಿದ ತಕ್ಷಣ ಅಂದಳು, “ಚೀಲ ಕಣೇ ಅದು!”

ನಿಜ. ಕಾಫಿ ಹಣ್ಣು ಕೀಳುವ ಪಿಕಿಂಗ್‌ನಲ್ಲಿ ಸೊಂಟಕ್ಕೆ ಚೀಲ ಕಟ್ಟುತ್ತೇವೆ. ಗಿಡದಿಂದ ಗಿಡಕ್ಕೆ ಹೋಗುವಾಗ ಹಣ್ಣು ಚೆಲ್ಲದ ಹಾಗೆ ಎಡಗೈ ಅದರ ಬಾಯಿ ಹಿಡಿದಿರುತ್ತದೆ. ಪಿಕಿಂಗ್ ಮುಗಿದು ಐದು ತಿಂಗಳಾಯಿತು. ಕೈಗೆ ಯಾರೂ ಹೇಳಿಲ್ಲ.

ಅಮ್ಮ ನಲ್ಲಿಗೆ ಹೋಗುವಾಗ ಹಿಂದಿನಿಂದ ನೋಡಿದೆ. ಅದೇ ಕೈ, ಅದೇ ಜಾಗ. ನಂದು ನಾಲ್ಕು ಸೀಸನ್. ಅವಳದು ಇಪ್ಪತ್ತೆರಡು.

ಆಗಸ್ಟ್ 10

ಮೂರು ದಿನ ವ್ಯರ್ಥ. ಯೋಚನೆ ಮಾಡಿದರೆ ಬೀಸುತ್ತದೆ, ಮರೆತರೆ ಸೊಂಟಕ್ಕೆ ವಾಪಸ್.

ಸಂಜೆ ಅಮ್ಮ ಕಾಫಿ ಒಣಗಿಸುವ ಯಾರ್ಡಿಗೆ ಕರೆದುಕೊಂಡು ಹೋದಳು. ಮಳೆಗಾಲ, ಖಾಲಿ. ಒಂದು ಉದ್ದ ಕೋಲು. ಮುಂದೆ ಅವಳು, ಹಿಂದೆ ನಾನು, ಇಬ್ಬರ ಎಡಗೈಯಲ್ಲೂ ಅದೇ ಕೋಲು. ಅವಳು ಬೀಸಿದರೆ ನನ್ನದು ಎಳೆಯುತ್ತದೆ, ನಾನು ಬೀಸಿದರೆ ಅವಳದು. ನಿಲ್ಲಿಸಲು ಇಬ್ಬರಿಗೂ ಆಗದು.

ಕೂಲಿಯವರ ಲೈನ್ ಮನೆಗಳ ಬಾಗಿಲುಗಳೆಲ್ಲ ತೆರೆದವು. ಗಂಗಮ್ಮತ್ತೆ ಕೂಗಿದಳು, “ಏನೇ ಲಿಂಗಮ್ಮ, ಮಿಲ್ಟ್ರಿಯೋರು ನಿನ್ನೂ ಕರೆದ್ರಾ?”

“ನನ್ನೇ ಮೊದ್ಲು ಕರೆದಿದ್ದು. ಇವ್ಳು ಸಂಗಡ ಬಂದವ್ಳೆ!”

ಮಾತು ನನಗೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು.

ಆಗಸ್ಟ್ 14

ಕೋಲಿಲ್ಲದೆ ನಡೆದೆ. ಮೈದಾನದ ಆ ತುದಿ, ಈ ತುದಿ. ಕೈ ಬೀಸಿತು! ಯೋಚಿಸಲಿಲ್ಲ, ಆದರೂ ಬೀಸಿತು.

“ಯಾರು ಕಲಿಸಿದ್ದು?” ಹವಾಲ್ದಾರ್ ಸಾಹೇಬರು.

“ಅಮ್ಮ, ಸರ್.”

“ಆರ್ಮಿಯಲ್ಲಿದ್ರಾ?”

“ಇಪ್ಪತ್ತೆರಡು ವರ್ಷ ಸರ್ವಿಸ್, ಸರ್.” ಯಾವುದರಲ್ಲಿ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅರ್ಜಿಯಲ್ಲಿ ಅಮ್ಮನ ಕೆಲಸ ಓದಿದ್ದ ಮೇಡಂಗೆ ಗೊತ್ತು, ತಲೆ ತಗ್ಗಿಸಿ ಹೆಸರು ಬರೆದುಕೊಂಡರು. ಹದಿನಾಲ್ಕನೆಯದು, ಸುಮಿತಾ ಎಲ್.

ಆ ಎಲ್ ಅಮ್ಮನದು.

ಆಗಸ್ಟ್ 21

ಸಹಿ ಹಾಕಿ ತಂದದ್ದು: ಶರ್ಟು ಒಂದು, ಪ್ಯಾಂಟು ಒಂದು, ಬೆಲ್ಟು, ಟೋಪಿ, ಸಾಕ್ಸು ಎರಡು ಜೊತೆ, ಬೂಟು ಸೈಜ್ ಆರು. ಶರ್ಟಿನ ತೋಳು ಉದ್ದ. ಮಡಚಬಹುದು.

ಅಮ್ಮನ ಕಾಲೂ ಆರೇ. ಈಗ ಬೂಟು ಅವಳ ಕಾಲಲ್ಲಿದೆ. ಸೀರೆ ಎತ್ತಿ ಸಿಕ್ಕಿಸಿ ಬಾಗಿಲಲ್ಲಿ ನಿಂತಿದ್ದಾಳೆ. “ಬರೆದಿದ್ದು ಸಾಕು. ಬಂದು ಹೆಜ್ಜೆ ಎಣಿಸೇ” ಅಂತಾಳೆ. ಆಯ್ತು, ಇಲ್ಲಿಂದಲೇ ಎಣಿಸ್ತೀನಿ. ಒಂದು, ಎರಡು. ಒಂದು, ಎರ—