ಗೀತಾಂಜಲಿಯ ಉತ್ತರಗಳು

ಜೂನ್ 9, ಸೋಮವಾರ. ಸಂಜೆ

ಹೊಸಹಳ್ಳಿ ಶಾಲೆಯಿಂದ ಬರುವ ಬಸ್ಸು ಇವತ್ತೂ ತಡ. ಕೂಡ್ಲಿಗಿಗೆ ಬಂದು, ರೂಮಿನ ಬೀಗ ತೆಗೆದು, ಅನ್ನಕ್ಕಿಟ್ಟು, ಫೋನ್ ಹಿಡಿದೆ. ಗೀತಾಂಜಲಿಯ ಹೊಸ ರೀಲ್ — ಬ್ಲೌಸಿನ ತೋಳಿಗೆ ಕನ್ನಡಿ ಕೂರಿಸುವುದು. ಹರಪನಹಳ್ಳಿ ಹಾಸ್ಟೆಲ್ಲಿನಲ್ಲಿ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡವಳು. ಈಗ ಕೊಟ್ಟೂರಿನಲ್ಲಿ ಹೊಲಿಗೆ ಅಂಗಡಿ, ಗಂಡ ಗವಿಸಿದ್ದೇಶ್, ಸಾವಿರಾರು ಫಾಲೋವರ್ಸ್.

ಹಾರ್ಟ್ ಹಾಕಿದೆ. ಕೂಡಲೇ ಅವಳದೂ ಒಂದು ಬಂತು.

ಇವತ್ತಿನ ಮಾತು ಇಷ್ಟೇ. ಆದರೂ ಊಟ ಸೇರಿತು.

ಜೂನ್ 14, ಶನಿವಾರ

ನಮ್ಮ ಶಾಲೆಯ ಭೀಮರಾಜನ ಮದುವೆ ನಿಶ್ಚಯವಾಗಿದೆ. ನನ್ನ ಜೊತೆಯಲ್ಲ, ಬೇರೆ ಹುಡುಗಿ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪೇಡಾ ಕೊಟ್ಟ. ನನಗೂ.

"ಮನ್ಯಾಗ ನನ್ ಮಾತು ಕೇಳ್ಲಿಲ್ಲ, ಸಮತಾ," ಅಂದ. ಮೆಲ್ಲಗೆ.

ಪೇಡಾ ತಿಂದೆ. ಎಲ್ಲರೂ ನೋಡುತ್ತಿದ್ದರಲ್ಲ...

ಊರಿಗೆ, ತೆಲಿಗಿಗೆ ಫೋನ್ ಮಾಡಿ ಅವ್ವನಿಗೆ ಹೇಳಲಾರೆ. ಭೀಮರಾಜ ಯಾರೆಂದೇ ಅವಳಿಗೆ ಗೊತ್ತಿಲ್ಲ. ಗೀತಾಂಜಲಿಗೆ ಇನ್‌ಸ್ಟಾದಲ್ಲಿ ಬರೆದೆ. ಬಸ್‌ಸ್ಟ್ಯಾಂಡಿನ ಮೊದಲ ಭೇಟಿಯಿಂದ ಪೇಡಾದವರೆಗೆ. ಉತ್ತರ ಬಂತು — ಸಾಲು ಹಾರ್ಟು. "ಸ್ಟ್ರಾಂಗ್ ಆಗಿರು ಡಿಯರ್."

ಡಿಯರ್? 'ಲೇ' ಬಿಟ್ಟು ಬೇರೆ ಕರೆದವಳಲ್ಲ. ಇರಲಿ. ಕೆಲಸ ಜಾಸ್ತಿ ಇರಬಹುದು.

ಜೂನ್ 17

ಅವಳ ಹಳೇ ನಂಬರ್ ಸ್ವಿಚ್ ಆಫ್. "ಒಂದು ಸಲ ಕಾಲ್ ಮಾಡು" ಎಂದು ಮೆಸೇಜ್ ಹಾಕಿದೆ. ಕೈ ಮುಗಿದ ಚಿತ್ರ ಬಂತು.

ನನಗೆ ನಮಸ್ಕಾರ!

ಜುಲೈ 6, ಭಾನುವಾರ

ಕೊಟ್ಟೂರಿಗೆ ಹೋಗಿ ಬಂದೆ. ಹೇಳದೆ, ಕೇಳದೆ.

ಮಷಿನ್ ಮೇಲೆ ಬಗ್ಗಿದ್ದವಳು ತಲೆಯೆತ್ತಿದಳು. ನಗಲಿಲ್ಲ. "ಈಗ ನೆಪ್ಪಾತೇನಲೇ? ವರ್ಷ ಆತು, ಒಂದು ಫೋನಿಲ್ಲ, ಏನಿಲ್ಲ. ಸರ್ಕಾರಿ ಟೀಚರಮ್ಮ ನಮ್ಮನ್ಯಾಕ ಕೇಳ್ತಾಳ ಅಂದ್ಕಂಡಿದ್ದೆ."

"ದಿನಾ ಮೆಸೇಜ್ ಮಾಡ್ತೀನಲ್ಲ!"

"ಯಾರಿಗೆ?"

ಫೋನ್ ತೆಗೆದು ತೋರಿಸಿದೆ. ಒಂದೆರಡು ಸಾಲು ಓದಿದಳು. ಭೀಮರಾಜನ ಹೆಸರು ಕಂಡು ನಿಂತಳು. ಆಮೇಲೆ ಗಂಡನ ಕಡೆ ತಿರುಗಿದಳು. ಅವನು ರೀಲಿಗೆಂದು ಲೈಟ್ ಸ್ಟ್ಯಾಂಡ್ ಜೋಡಿಸುತ್ತಿದ್ದ.

"ಅಕೌಂಟ್ ನಾನಾ ನೋಡ್ಕಣದ್ರಿ," ಅಂದ ಗವಿಸಿದ್ದೇಶ್. ಮುಖ ಸಣ್ಣದಾಗಿತ್ತು. "ಈಕಿಗೆ ಹೊಲಿಯಾಕ ಟೈಮಿಲ್ಲ. ಎಲ್ಲಾರಿಗೂ ಹಂಗಾ ಹಾರ್ಟ್ ಕಳಸ್ತೀನ್ರಿ. ತಪ್ಪು ತಿಳಕಬ್ಯಾಡ್ರಿ, ನಿಮ್ದು ಭಾಳ ಉದ್ದ ಇತ್ತು... ಪೂರ್ತಿ ಓದಿಲ್ರಿ."

ಓದಿಲ್ಲ ಎಂದದ್ದು ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಯಾರೂ ಓದಿಲ್ಲ.

ಗೀತಾಂಜಲಿ ನನ್ನ ಫೋನನ್ನು ಮಗುಚಿ ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ಗಿರಾಕಿಗಳು ಬಂದರು. ಚಹಾ ಕುಡಿದೆ, ಎದ್ದೆ. ಬಾಗಿಲ ತನಕ ಬಂದು, "ಐತಾರ ಬರ್ತೀನಿ. ಮನ್ಯಾಗಾ ಇರು," ಅಂದಳು.

ಜುಲೈ 9

ಇನ್‌ಸ್ಟಾ ತೆಗೆದುಹಾಕಿದೆ. ಸಂಜೆ ಮತ್ತೆ ಹಾಕಿಕೊಂಡೆ. ಅನ್ನ ಬೇಯುವ ತನಕ ಮತ್ತೇನು ಮಾಡುವುದು?

ಜುಲೈ 13, ಭಾನುವಾರ. ಕೊಟ್ಟೂರು ಬಸ್‌ಸ್ಟ್ಯಾಂಡ್

ಗೀತಾಂಜಲಿ ರೂಮಿಗೆ ಬಂದಿದ್ದಳು. ಲೈನಿಂಗ್ ಬಟ್ಟೆ ತರುತ್ತೇನೆಂದು ಮನೆಯಲ್ಲಿ ಹೇಳಿ. ನನ್ನ ಮಂಚದ ಮೇಲೆ ಕೂತಳು. ಅವ್ವ ಹೆಂಗದಾಳ, ನೀರು ಯಾವಾಗ ಬಿಡ್ತಾರ, ಬಾಡಿಗಿ ಎಷ್ಟು... ಫೋನಿನಲ್ಲಿ ಅಷ್ಟು ಸಲೀಸಾಗಿ ಬರೆದವಳಿಗೆ ಎದುರಿಗೆ ಬಾಯಿ ಬರಲಿಲ್ಲ. ಊಟ ಆಯಿತು. ಅವಳು ಗಡಿಯಾರ ನೋಡಿದಳು.

ಕೂಡ್ಲಿಗಿ ಬಸ್‌ಸ್ಟ್ಯಾಂಡಿಗೆ ಬಿಡಲು ಬಂದೆ. ಕೊಟ್ಟೂರಿನ ಬಸ್ಸು ನಿಂತೇ ಇತ್ತು. ಹತ್ತಿ, ಕಿಟಕಿಯಿಂದ, "ಉಳಿದದ್ದು ಮೆಸೇಜ್ ಮಾ..." ಎಂದವಳು ಬಾಯಿ ಮುಚ್ಚಿಕೊಂಡಳು. ಡ್ರೈವರ್ ಎಂಜಿನ್ ಚಾಲೂ ಮಾಡಿದ.

"ಹತ್ತಲೇ," ಅಂದಳು.

ಹತ್ತಿದೆ. ಮನೆ ಚಪ್ಪಲಿಯಲ್ಲೇ.

ಕೊಟ್ಟೂರು ಬರುವವರೆಗೂ ಹೇಳಿದೆ. ಬಸ್ಸಿನ ಸದ್ದಿಗೆ ಕೇಳಿಸದಿದ್ದಾಗ, "ಏನಂದಿ?" ಎಂದು ಕಿವಿ ಹತ್ತಿರ ತಂದಳು. ಮತ್ತೆ ಹೇಳಿದೆ. ಪೇಡಾ ತಿಂದದ್ದು ಕೇಳಿ ಬೈದಳು — ಅವನನ್ನಲ್ಲ, ನನ್ನನ್ನು. ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿದಳು, ಒರಟಾಗಿ.

ಈಗ ಅವಳು ಅಂಗಡಿಗೆ ಹೋದಳು. ನಾನು ಇದನ್ನು ಫೋನಿನಲ್ಲೇ ಬರೆಯುತ್ತಾ ವಾಪಸ್ ಬಸ್ಸಿಗೆ ಕಾಯುತ್ತಿದ್ದೇನೆ. ಅವಳು ತನ್ನದೇನೂ ಹೇಳಲಿಲ್ಲವೆಂಬುದು ಈಗ ಹೊಳೆಯುತ್ತಿದೆ. ನಾನೂ ಕೇಳಲಿಲ್ಲ. ಹಳೇ ನಂಬರ್ ಯಾಕೆ ಬಂದ್, ಕೈಯಲ್ಲಿ ಫೋನ್ ಯಾಕಿಲ್ಲ... ಅಂಗಡಿ ಇಲ್ಲಿಂದ ದೂರವೇನಲ್ಲ. ಬಸ್ಸು ಬಂತು. ಜನ ಹತ್ತುತ್ತಿದ್ದಾರೆ. ನಾನು ಇನ್ನೂ ಹತ್ತಿಲ್ಲ.